ಗೋಡೆಯ ಮೇಲೆ ತೂಗುವ ನ್ಯಾಯ

ಕಳೆದ ತಿಂಗಳು ಸಂಘದ ಕಾರ್ಯಕ್ರಮ ಮುಗಿದು ಎಲ್ಲರೂ ಕಾಫಿ ಕುಡಿಯುತ್ತ ನಿಂತಿದ್ದಾಗ ಹಿರಿಯರೊಬ್ಬರು ಕೇಳಿದರು: "ಹೆಣ್ಣುಮಕ್ಕಳಿಗೆ ಆಫೀಸಿನಲ್ಲಿ ತೊಂದರೆಯಾದರೆ ಪೊಲೀಸರಿದ್ದಾರೆ, ಕೋರ್ಟಿದೆ. ಅದಕ್ಕೊಂದು ಬೇರೆ ಸಮಿತಿ, ಬೇರೆ ವಿಚಾರಣೆ ಯಾಕ್ರೀ?" ಸುತ್ತ ನಿಂತವರು ತಲೆಯಾಡಿಸಿದರು. ನಾವೂ ಸುಮ್ಮನಿದ್ದೆವು. ಆ ಮೌನಕ್ಕೆ ಪ್ರಾಯಶ್ಚಿತ್ತವೆಂದು ಈ ನಾಲ್ಕು ಮಾತು.

ಪೊಲೀಸರೂ ಕೋರ್ಟೂ ಇದ್ದ ಕಾಲದಲ್ಲೇ ನಡೆದದ್ದನ್ನು ನೆನೆಯೋಣ. ಮಾಟುಂಗದಿಂದ ಎರಡು ಸ್ಟೇಷನ್ ಆಚೆ, ಪರೇಲಿನ ಕೆ.ಇ.ಎಂ. ಆಸ್ಪತ್ರೆ. ನಮ್ಮಂತೆಯೇ ಊರು ಬಿಟ್ಟು, ಉತ್ತರ ಕನ್ನಡದ ಹಳದೀಪುರದಿಂದ ಬಂದು ಅಲ್ಲಿ ನರ್ಸ್ ಆಗಿದ್ದವರು ಅರುಣಾ ಶಾನಭಾಗ. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ವಾರ್ಡ್‌ಬಾಯ್ ಒಬ್ಬ ಆಕೆಯ ಕುತ್ತಿಗೆಗೆ ಸರಪಳಿ ಬಿಗಿದು ಅತ್ಯಾಚಾರ ಮಾಡಿದ. 2015ರ ಮೇ 18ರಂದು ತೀರಿಕೊಳ್ಳುವ ತನಕ, 41 ವರ್ಷ ಮೀರಿ, ಆಕೆ ಹಾಸಿಗೆ ಬಿಟ್ಟು ಏಳಲಿಲ್ಲ. ಅವನಿಗೆ ಶಿಕ್ಷೆಯಾದದ್ದು ದರೋಡೆಗೆ ಮತ್ತು ಕೊಲೆಯ ಪ್ರಯತ್ನಕ್ಕೆ, ಏಳು ವರ್ಷ. ಅತ್ಯಾಚಾರದ ಆಪಾದನೆ ಕೋರ್ಟಿನ ಮೆಟ್ಟಿಲನ್ನೇ ಹತ್ತಲಿಲ್ಲ. ಹಿರಿಯರು ಹೇಳಿದ ಪೊಲೀಸು, ಕೋರ್ಟು ಎರಡೂ ಅಂದು ಇದ್ದವಲ್ಲ?

ಕೊಲೆಯ ಅಂಚಿಗೆ ಮುಟ್ಟಿದ ಮೇಲೆ ಕೋರ್ಟು ಬರುತ್ತದೆ. ಅದಕ್ಕೆ ಮುಂಚಿನ ದಿನನಿತ್ಯದ ಕಿರುಕುಳವನ್ನು ಕೇಳುವವರು ಯಾರು? ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು, ಆಮೇಲೆ 2013ರ ಕಾಯಿದೆ. ಹತ್ತು ಮಂದಿ ದುಡಿಯುವ ಕಡೆ ಒಂದು ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷೆ ಹೆಂಗಸೇ ಆಗಬೇಕು, ಅರ್ಧದಷ್ಟಾದರೂ ಹೆಂಗಸರಿರಬೇಕು, ಹೊರಗಿನವರೊಬ್ಬರು ಬೇಕು. ಸಾಕ್ಷಿಗಳನ್ನು ಕರೆಸಲು, ಕಾಗದಪತ್ರ ತರಿಸಲು ಅದಕ್ಕೆ ಸಿವಿಲ್ ಕೋರ್ಟಿನ ಅಧಿಕಾರವೇ ಇದೆ. ಘಟನೆಯಾದ ಮೂರು ತಿಂಗಳೊಳಗೆ ದೂರು, 90 ದಿನದೊಳಗೆ ವಿಚಾರಣೆ. ವಕೀಲರಿಗೆ ಅಲ್ಲಿ ಪ್ರವೇಶವಿಲ್ಲ. ಫೀಸಿನ ಭಯವೂ ಇಲ್ಲ. ಬೇಕಾದವರಿಗೆ ಪೊಲೀಸ್ ಠಾಣೆಯ ಬಾಗಿಲು ತೆರೆದೇ ಇದೆ.

ಕಾಯಿದೆ ಚೆನ್ನಾಗಿದೆ. ನಡೆಸುವವರು? ನಮ್ಮ ಕಚೇರಿಯ ಗೋಡೆಯ ಮೇಲೂ ಸದಸ್ಯರ ಪಟ್ಟಿಯೊಂದು ತೂಗುತ್ತಿದೆ. ಅದರಲ್ಲಿ ಒಬ್ಬರು ರಿಟೈರಾಗಿ ಎರಡು ವರ್ಷವಾಯಿತು, ಇನ್ನೊಬ್ಬರಿಗೆ ನಾಗಪುರಕ್ಕೆ ವರ್ಗವಾಯಿತು. ದೂರು ಕೊಡಹೊರಟವಳು ಯಾರ ಕೈಗೆ ಕೊಡಬೇಕು? ಇದು ನಮ್ಮೊಬ್ಬರ ಕಥೆಯಲ್ಲ. ಜಾರಿಯಲ್ಲಿ ಗಂಭೀರ ಲೋಪಗಳಿವೆಯೆಂದು ಸುಪ್ರೀಂ ಕೋರ್ಟೇ 2023ರ ಮೇ ತಿಂಗಳಲ್ಲಿ ಹೇಳಬೇಕಾಯಿತು. ಸಮಿತಿ ರಚಿಸದ ಮಾಲೀಕನಿಗೆ 50,000 ರೂಪಾಯಿವರೆಗೆ ದಂಡವಿದೆ. ದಂಡ ಕಟ್ಟಿದವರನ್ನು ನಾವಂತೂ ಕಂಡಿಲ್ಲ.

"ಸುಳ್ಳು ದೂರು ಕೊಟ್ಟರೆ?" ಎಂಬುದು ಗಂಡಸರ ಸಿದ್ಧ ಪ್ರಶ್ನೆ. ಬೇಕೆಂದೇ ಸುಳ್ಳು ಹೇಳಿದವರ ಮೇಲೂ ಕ್ರಮವುಂಟು. ಆದರೆ ಸಾಬೀತಾಗದ ದೂರೆಲ್ಲ ಸುಳ್ಳಲ್ಲ ಎಂದೂ ಅದೇ ಕಾಯಿದೆ ಹೇಳುತ್ತದೆ. ಮೊದಲ ಮಾತನ್ನು ಕಂಠಪಾಠ ಮಾಡಿದವರು ಎರಡನೆಯದನ್ನು ಯಾಕೆ ಓದಲಿಲ್ಲ?

ಮಾಲೀಕರನ್ನು ಬೈದು ಕೈತೊಳೆದುಕೊಂಡರೆ ಸಾಲದು. ನಮಗೆ ತಿಳಿದ ಮನೆಯ ಹುಡುಗಿಯೊಬ್ಬಳು ತನ್ನ ಮೇಲಿನವನ ಕಾಟವನ್ನು ತಾಯಿಗೆ ಹೇಳಿದಳು. ಮನೆಯ ತೀರ್ಪು ಒಂದೇ ರಾತ್ರಿಯಲ್ಲಿ ಬಂತು: "ಕೆಲಸ ಬಿಡು, ನಾಳೆ ಗಂಡು ನೋಡುವಾಗ ಈ ಮಾತು ಎದ್ದರೆ?" ಹುಡುಗಿ ಕೆಲಸ ಬಿಟ್ಟಳು, ಅವನಿಗೆ ಪ್ರಮೋಷನ್ ಆಯಿತು. ದೂರು ಕೊಟ್ಟವಳ ಹೆಸರು ಹೊರಗೆ ಬಿಡಕೂಡದೆಂದು ಕಾಯಿದೆ ಇದೆ, ವಿಚಾರಣೆ ಮುಗಿಯುವವರೆಗೆ ಮೂರು ತಿಂಗಳ ರಜೆಗೂ ಅವಕಾಶವಿದೆ. ಇದಾವುದನ್ನೂ ಆ ಮನೆಯಲ್ಲಿ ಯಾರೂ ವಿಚಾರಿಸಲಿಲ್ಲ.

ನಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕುವ ಹೆಂಗಸಿಗೂ, ಹತ್ತು ಜನರಿಲ್ಲದ ಸಣ್ಣ ಹೋಟೆಲಿನಲ್ಲಿ ತರಕಾರಿ ಹೆಚ್ಚುವವಳಿಗೂ ಇದೇ ಕಾಯಿದೆ ಜಿಲ್ಲೆಗೊಂದು ಸ್ಥಳೀಯ ಸಮಿತಿಯನ್ನು ಕೊಟ್ಟಿದೆ. ಅದನ್ನು ಅವರಿಗೆ ಹೇಳಿದವರು ನಮ್ಮಲ್ಲಿ ಎಷ್ಟು ಮಂದಿ?

2017ರಲ್ಲಿ ಮಾಟುಂಗ ಸ್ಟೇಷನ್ ಪೂರ್ತಿ ಮಹಿಳಾ ಸಿಬ್ಬಂದಿಯ ಕೈಗೆ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಸಂತೋಷ. ಆದರೆ ಆ ಸ್ಟೇಷನ್ನಿನಲ್ಲಿ ಗಾಡಿ ಹತ್ತಿ ಕೆಲಸಕ್ಕೆ ಹೋಗುವ ನಮ್ಮ ಮಗಳು ಸಂಜೆ ಮುಖ ಬಾಡಿಸಿಕೊಂಡು ಬಂದರೆ, "ಹೊಂದಿಕೊಂಡು ಹೋಗಮ್ಮ" ಎನ್ನುವ ನಾಲಿಗೆಯೂ ನಮ್ಮದೇ.

ಕನ್ನಡ ಸಂಘಗಳು ನಾಟಕ, ಹರಿಕಥೆ ನಡೆಸಲಿ, ಬೇಡವೆನ್ನುವವರು ನಾವಲ್ಲ. ಜೊತೆಗೆ ವರ್ಷಕ್ಕೊಂದು ಸಂಜೆ ಈ ಕಾಯಿದೆಯನ್ನು ಕನ್ನಡದಲ್ಲಿ ವಿವರಿಸಿ ಹೇಳಲಿ. ದೂರಿನ ಕಾಗದ ಬರೆಯಲು ಕೈ ನಡುಗುವವಳ ಪಕ್ಕದಲ್ಲಿ ಕೂರಲು ಇಬ್ಬರು ಹಿರಿಯ ಹೆಂಗಸರನ್ನು ಗೊತ್ತುಮಾಡಲಿ. ಹತ್ತು ಮಂದಿ ಸಂಬಳದವರಿರುವ ಸಂಘ ಸಂಸ್ಥೆಗಳು ಮೊದಲು ತಮ್ಮ ಗೋಡೆಯನ್ನೇ ನೋಡಿಕೊಳ್ಳಲಿ.

ಕಾಫಿಯ ಹೊತ್ತಿನಲ್ಲಿ ಕೇಳಿದ ಹಿರಿಯರಿಗೆ ನಮ್ಮ ಉತ್ತರ ಇಷ್ಟೆ: ಬೇರೆ ಸಮಿತಿ ಬೇಕಾದದ್ದು, ಸ್ವಾಮಿ, ಮನೆಯಲ್ಲಿ ನಾವು ಕೇಳಿಸಿಕೊಳ್ಳಲಿಲ್ಲವಾದ್ದರಿಂದ.