ಮುಪ್ಪಿನ ವ್ಯಾನಿಗೆ ಮಾಗಿಯ ಎಣ್ಣೆ

ಕಳೆದ ಚಳಿಗಾಲದ ಒಂದು ನಸುಕಿನಲ್ಲಿ ನಮ್ಮ ವೃದ್ಧ ಅತ್ತೆಯವರಿಗೆ ಎದೆನೋವು ಕಾಣಿಸಿಕೊಂಡಿತು. ಬೀದರ ಸೀಮೆಯ ಮಾಗಿಯ ಚಳಿ. ಅಂಗಳದಲ್ಲಿದ್ದ ಹಳೆಯ ಮಾರುತಿ ಓಮ್ನಿಯ ಕೀಲಿ ತಿರುವಿದರೆ ಎಂಜಿನ್ನು ನಾಲ್ಕು ಬಾರಿ ನರಳಿ ಸುಮ್ಮನಾಯಿತು. ನೆರೆಮನೆಯ ತರುಣರು ಬಂದು ತಳ್ಳಿದ ಮೇಲೆಯೇ ನಾವು ಆಸ್ಪತ್ರೆಗೆ ಹೊರಟದ್ದು. ಅತ್ತೆಯವರು ಗುಣಮುಖರಾದರು, ಆ ಹತ್ತು ನಿಮಿಷಗಳನ್ನು ಮಾತ್ರ ನಾವು ಮರೆತಿಲ್ಲ. ಆದ್ದರಿಂದ ವಾಚಕರು ಈ ತಿಂಗಳು ನಮ್ಮೊಡನೆ ಅಡುಗೆಮನೆಯ ಎಣ್ಣೆಯನ್ನು ಬಿಟ್ಟು ಎಂಜಿನ್ನಿನ ಎಣ್ಣೆಯತ್ತ ಗಮನ ಹರಿಸಬೇಕು.

ಅದಕ್ಕೆ ಕೆಲವು ತಿಂಗಳ ಹಿಂದೆ ಗ್ಯಾರೇಜಿನವರೊಬ್ಬರು, "ಗಾಡಿಗಿ ವಯಸ್ಸ ಆಗ್ಯಾದ್ರಿ, ದಪ್ಪ ಎಣ್ಣಿನೇ ಹಾಕಬೇಕ್ರಿ" ಎಂದು 20ಡಬ್ಲ್ಯೂ-50 ಎಣ್ಣೆಯನ್ನು ತುಂಬಿದ್ದರು. ಆ ಮಾತು ಅರ್ಧ ನಿಜ. ಸವೆದ ಎಂಜಿನ್ನಿನಲ್ಲಿ ಉಂಗುರಗಳಿಗೂ ಸಿಲಿಂಡರಿಗೂ ನಡುವಿನ ಎಡೆ ಹಿಗ್ಗಿ, ಎಣ್ಣೆ ಮೇಲೇರಿ ಉರಿದು ನೀಲಿ ಹೊಗೆಯಾಗುತ್ತದೆ. ಕಾದಾಗಲೂ ದಪ್ಪವಾಗಿರುವ ಎಣ್ಣೆ ಅದನ್ನು ಕೊಂಚ ತಡೆಯುತ್ತದೆ. ಡಬ್ಬಿಯ ಮೇಲಿನ ಕೊನೆಯ ಸಂಖ್ಯೆ ಹೇಳುವುದು ಈ ಗುಣವನ್ನೇ. ಅದನ್ನು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅಳೆಯುತ್ತಾರೆ. ಮೊದಲನೆಯ ಸಂಖ್ಯೆ ಚಳಿಯದು. ಡಬ್ಲ್ಯೂ ಎಂದರೆ ವಿಂಟರ್. 20ಡಬ್ಲ್ಯೂ ಎಣ್ಣೆಯಲ್ಲಿ ಎಂಜಿನ್ನು ತಿರುಗೀತೇ ಎಂಬ ಪರೀಕ್ಷೆ ಶೂನ್ಯಕ್ಕಿಂತ 15 ಡಿಗ್ರಿ ಕೆಳಗೆ ನಡೆಯುತ್ತದೆ. 15ಡಬ್ಲ್ಯೂಗೆ 20, 10ಡಬ್ಲ್ಯೂಗೆ 25, 5ಡಬ್ಲ್ಯೂಗೆ 30 ಡಿಗ್ರಿ ಕೆಳಗೆ.

ಹಾಗಿದ್ದರೆ ಬೀದರಿನ ಚಳಿ 10 ಡಿಗ್ರಿಗಿಂತ ಕೆಳಗಿಳಿದ ಮಾತ್ರಕ್ಕೆ ಆ ಎಣ್ಣೆ ಕೈಕೊಡುವುದುಂಟೇ ಎಂದು ವಾಚಕರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ತಪ್ಪಿನ ದೊಡ್ಡ ಪಾಲು ನಾಲ್ಕು ವರ್ಷ ದಾಟಿದ್ದ ನಮ್ಮ ಬ್ಯಾಟರಿಯದಾಗಿತ್ತು. ಚಳಿಯಲ್ಲಿ ಬ್ಯಾಟರಿಯ ಬಲ ಕುಂದುತ್ತದೆ, ಅದೇ ಹೊತ್ತಿಗೆ ಎಣ್ಣೆಯ ಬಿಗುವು ಏರುತ್ತದೆ. ಸೊರಗಿದ ಎತ್ತಿಗೆ ಕೆಸರಿನ ಹಾದಿ ಸಿಕ್ಕಂತೆ. ಗ್ಯಾರೇಜಿನವರೊಬ್ಬರನ್ನೇ ನಾವು ದೂರಿದ್ದು ಸರಿಯಲ್ಲ.

1984ರಲ್ಲಿ ಹೊರಬಂದ ಈ ವ್ಯಾನಿನ ತಯಾರಿಕೆ 2019ರಲ್ಲಿ ನಿಂತಿತು; ಆದಕಾರಣ ಎಲ್ಲ ಓಮ್ನಿಗಳೂ ಈಗ ಹಳೆಯವೇ. ಆದರೆ ವಯಸ್ಸನ್ನಲ್ಲ, ಸವೆತವನ್ನು ನೋಡಿ ಎಣ್ಣೆ ಆರಿಸಬೇಕು. ಹೊಗೆಯಿಲ್ಲದೆ, ಎಣ್ಣೆಯ ಮಟ್ಟ ಇಳಿಯದೆ ಇದ್ದಲ್ಲಿ ವಾಹನದ ಕೈಪಿಡಿ ಒಪ್ಪುವ 10ಡಬ್ಲ್ಯೂ-40 ಅಥವಾ 15ಡಬ್ಲ್ಯೂ-40 ಸಾಕು. ಬೆಳಗಿನ ಹೊತ್ತು ಅದು ಬೇಗನೆ ಮೇಲ್ಭಾಗಕ್ಕೇರುತ್ತದೆ. ತಿಂಗಳಿಗೊಮ್ಮೆ ಎಣ್ಣೆ ಸೇರಿಸಬೇಕಾಗುವ ಗಾಡಿಗೆ ನಮ್ಮ ನಾಡಿನಲ್ಲಿ 20ಡಬ್ಲ್ಯೂ-50 ನಡೆದೀತು, ಬ್ಯಾಟರಿ ಗಟ್ಟಿಯಾಗಿರಲಿ. ದುಬಾರಿಯೆಂಬ ಕಾರಣಕ್ಕೇ ಹೊಸ ಕಾರುಗಳ 0ಡಬ್ಲ್ಯೂ-20 ತಂದು ಸುರಿಯುವ ಹುಮ್ಮಸ್ಸು ಬೇಡ. ಕಾದಾಗ ಅದು ಇಂಥ ಎಂಜಿನ್ನಿಗೆ ತೀರ ತೆಳುವು. ಪೆಟ್ರೋಲ್ ಗಾಡಿಯ ಡಬ್ಬಿಯ ಮೇಲೆ ಎಪಿಐ ದರ್ಜೆಯ ಮೊದಲಕ್ಷರ 'ಎಸ್' ಇರಬೇಕು, ಡೀಸೆಲ್ಲಿನದಾದರೆ 'ಸಿ'.

ಚಳಿಗಾಲದಲ್ಲಿ ಉಖೀಮಠದ ಕಡೆಗೆ ಸ್ವಂತ ವಾಹನದಲ್ಲಿ ಹೊರಡುವವರು 10ಡಬ್ಲ್ಯೂ ಎಣ್ಣೆಯನ್ನೇ ತುಂಬಿಸಿಕೊಳ್ಳುವುದು ಲೇಸು. ಲಡಾಖಿನ ಮಾತೇ ಬೇರೆ. ಅಲ್ಲಿಯ ಜನವರಿ ರಾತ್ರಿಗಳಲ್ಲಿ 20ಡಬ್ಲ್ಯೂ ನಂಬುವಂಥದಲ್ಲ, 5ಡಬ್ಲ್ಯೂ ಬೇಕು.

ಎಂಜಿನ್ನು ಮುಂದಿನ ಆಸನಗಳ ಕೆಳಗೆ ಅಡಗಿರುವುದರಿಂದ ಎಣ್ಣೆಯ ಮಟ್ಟ ನೋಡಲು ಅನೇಕರಿಗೆ ಬೇಸರ. ನಾವೀಗ ಪ್ರತಿ ಸೋಮವಾರ ನೋಡುತ್ತೇವೆ. ಹೊಸ ಬ್ಯಾಟರಿಯೂ 15ಡಬ್ಲ್ಯೂ-40 ಎಣ್ಣೆಯೂ ಸೇರಿದ ಮೇಲೆ ವ್ಯಾನು ಎರಡನೆಯ ತಿರುವಿಗೇ ಏಳುತ್ತದೆ. ಎದ್ದ ಕೂಡಲೇ ಆಕ್ಸಿಲರೇಟರ್ ಒತ್ತಿ ಗರ್ಜಿಸಬಾರದು. ಕೆಂಪು ಎಣ್ಣೆದೀಪ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ಆ ಕ್ಷಣವೇ ಎಂಜಿನ್ನು ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿರಿ.