ಜೀವವೈವಿಧ್ಯ ತಾಣಗಳ ಆಯ್ಕೆಯಲ್ಲಿ ಭದ್ರಾ ಅಚ್ಚುಕಟ್ಟನ್ನೂ ಪರಿಗಣಿಸಲು ಮನವಿ

ಗೆ,
ಸದಸ್ಯ ಕಾರ್ಯದರ್ಶಿಗಳು,
ಕರ್ನಾಟಕ ಜೀವವೈವಿಧ್ಯ ಮಂಡಳಿ, ಬೆಂಗಳೂರು
(ಮಾನ್ಯ ಜಿಲ್ಲಾಧಿಕಾರಿಗಳು, ದಾವಣಗೆರೆ, ಇವರ ಮೂಲಕ)

ವಿಷಯ: ಸೂಳೆಕೆರೆ ಹಾಗೂ ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳ ಕೆರೆ, ಹಳ್ಳ, ಗೋಮಾಳಗಳ ಸಮೀಕ್ಷೆ ಹಾಗೂ ಸಂರಕ್ಷಣೆ ಕುರಿತು.

ಮಾನ್ಯರೇ,

ಕುಕ್ಕುವಾಡ ಮತ್ತು ಸುತ್ತಲಿನ ಹಳ್ಳಿಗಳ ರೈತರು, ಕುರಿಗಾಹಿಗಳು, ಮೀನು ಹಿಡಿಯುವವರು ಸೇರಿ ಈ ಮನವಿ ಸಲ್ಲಿಸುತ್ತಿದ್ದೇವೆ.

ನಮ್ಮ ಜಿಲ್ಲೆಯ ವನ್ಯಜೀವಿಧಾಮವೆಂದರೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ. ಕೊಂಡುಕುರಿಗಾಗಿ 2011ರಲ್ಲಿ ಘೋಷಣೆಯಾದ ಅದರ ಬಗ್ಗೆ ನಮಗೆ ಹೆಮ್ಮೆಯಿದೆ. ಆದರೆ ಅದು ಮಳೆ ಕಡಿಮೆಯ ಕುರುಚಲು ಕಾಡು. ಅಲ್ಲಿ ಎಷ್ಟೇ ಕಾವಲು ಹಾಕಿದರೂ ಸೂಳೆಕೆರೆಯ ಮೀನು, ದೇವರಬೆಳಕೆರೆ ಪಿಕ್‌ಅಪ್‌ ಅಣೆಕಟ್ಟೆಯ ನೀರುಹಕ್ಕಿ, ಕೊಂಡಜ್ಜಿ ಕೆರೆಯಂಚಿನ ಗಿಡಗಂಟಿ ಉಳಿಯುವುದಿಲ್ಲ. ಮುಂದಿನ ತಾಣ ಆರಿಸುವಾಗ ಇದುವರೆಗಿನ ರಕ್ಷಣೆಯಲ್ಲಿ ಯಾವ ಜೀವಿಗಳು ಬಿಟ್ಟುಹೋಗಿವೆ ಎಂದು ಮೊದಲು ನೋಡಿ ಎಂಬುದೇ ನಮ್ಮ ಮುಖ್ಯ ಬೇಡಿಕೆ. 2030ರೊಳಗೆ ಭೂಮಿಯ ಶೇಕಡಾ 30ರಷ್ಟನ್ನು ಕಾಪಾಡಬೇಕೆಂದು 2022ರಲ್ಲಿ ಮಾಂಟ್ರಿಯಲ್‌ನಲ್ಲಿ ಆದ ಒಪ್ಪಂದವೂ ಎಲ್ಲ ಬಗೆಯ ನೆಲೆಗಳಿಗೆ ಪಾಲು ಸಿಗಬೇಕೆನ್ನುತ್ತದೆ. ಯಾರಿಗೂ ಬೇಡವಾದ ಕಲ್ಲುಗುಡ್ಡ ಸೇರಿಸಿ ಲೆಕ್ಕ ತುಂಬಿಸುವುದು ಸುಲಭ, ತಕರಾರು ಮಾಡುವವರೂ ಇರುವುದಿಲ್ಲ.

ನಾಲೆ, ಗದ್ದೆ, ಕಟ್ಟಿದ ಕೆರೆ ಇರುವ ಭದ್ರಾ ಅಚ್ಚುಕಟ್ಟಿನಲ್ಲಿ ವನ್ಯಜೀವಿ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಆದರೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ಜನ ಕಟ್ಟಿದ ಕೆರೆಗಳೇ. ಅಂಕಸಮುದ್ರದ ನೀರಿನಲ್ಲಿ ನಿಂತ ಕರಿಜಾಲಿ ಮರಗಳ ಮೇಲೆ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮಾಗಡಿಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಕೆರೆಯಲ್ಲಿ ತಂಗಿ, ಮೇವಿಗೆ ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. ಕೆರೆಯಂಗಳಕ್ಕೆ ಬೇಲಿ ಹಾಕಿ ಹೊಲವನ್ನು ಮರೆತರೆ ಹಕ್ಕಿಗೆ ಅರ್ಧ ಮನೆ ಕೊಟ್ಟಂತಾಗುತ್ತದೆ. ಆದ್ದರಿಂದ ಸೂಳೆಕೆರೆ, ಅದರ ಹಳ್ಳ ಮತ್ತು ದೇವರಬೆಳಕೆರೆಯನ್ನು ಬಿಡಿಬಿಡಿಯಾಗಿ ನೋಡದೆ ಒಂದೇ ನೀರಿನ ಸಾಲಾಗಿ ಸಮೀಕ್ಷೆ ಮಾಡಿಸಬೇಕು. ಹಕ್ಕಿಗಳಿಗೆ ಚಳಿಗಾಲ, ಮೀನು ಕಪ್ಪೆಗಳಿಗೆ ಮಳೆಗಾಲ ಸಮೀಕ್ಷೆಗೆ ತಕ್ಕ ಕಾಲ. ಒಂದೇ ಭೇಟಿಯಲ್ಲಿ ಮುಗಿಸಿದ ವರದಿಯನ್ನು ನಾವು ಒಪ್ಪುವುದಿಲ್ಲ.

ಗೋಮಾಳದ ವಿಚಾರದಲ್ಲಿ ನೆರೆಯ ರಾಣೆಬೆನ್ನೂರು ಕಣ್ಣೆದುರಿಗಿದೆ. 1974ರಲ್ಲಿ ಅಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. ಆದರೆ ಅದರ ಬಹುಭಾಗ ನೀಲಗಿರಿ ನೆಡುತೋಪು. ಕೃಷ್ಣಮೃಗ ಉಳಿಯಿತು, ಬಯಲು ಹುಲ್ಲುಗಾವಲನ್ನೇ ನಂಬಿದ್ದ ಎರ್ಲಡ್ಡು ಹಕ್ಕಿ ಕಾಣೆಯಾಯಿತು. ಗಿಡವಿಲ್ಲದ ನೆಲವೆಲ್ಲ ಹಾಳುಭೂಮಿ ಎಂದು ಬರೆದುಕೊಳ್ಳುವ ರೂಢಿ ನಿಲ್ಲಲಿ. ನಮ್ಮ ಗೋಮಾಳಗಳಲ್ಲಿ ನೆಡುತೋಪು ಹಾಕುವ ಮುನ್ನ ಅಲ್ಲಿನ ಹುಲ್ಲು, ಹಕ್ಕಿ, ಹಾವುಗಳ ದಾಖಲೆಯಾಗಲಿ.

ಇನ್ನು ನಮ್ಮ ಭಯ. ಸಂರಕ್ಷಿತ ತಾಣವೆಂದು ಫಲಕ ನೆಟ್ಟ ಮರುದಿನದಿಂದ ಕುರಿ ಬಿಡಬೇಡಿ, ಹೂಳು ತೆಗೆಯಬೇಡಿ, ಬಲೆ ಬೀಸಬೇಡಿ ಎಂದರೆ ಬದುಕುವುದು ಹೇಗೆ? 2002ರ ಜೀವವೈವಿಧ್ಯ ಕಾಯ್ದೆಯ 37ನೇ ಕಲಂ ಪ್ರಕಾರ ಜೀವವೈವಿಧ್ಯ ಪಾರಂಪರಿಕ ತಾಣ ಘೋಷಿಸುವ ಮುನ್ನ ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಬೇಕು, ಆರ್ಥಿಕವಾಗಿ ನಷ್ಟಕ್ಕೊಳಗಾಗುವವರ ಪರಿಹಾರಕ್ಕೆ ರಾಜ್ಯ ಸರ್ಕಾರ ಯೋಜನೆ ರೂಪಿಸಬೇಕು. ಈ ಯೋಜನೆ ಘೋಷಣೆಗೆ ಮೊದಲೇ ನಮ್ಮ ಕೈಗೆ ಬರಲಿ. ಮೇವು, ಹೂಳು, ಮೀನಿನ ಹಕ್ಕುಗಳು ಅದರಲ್ಲಿ ಬರಹದಲ್ಲಿರಲಿ.

ಹಸಿರು ನ್ಯಾಯಮಂಡಳಿ ಕೊಟ್ಟ 2020ರ ಜನವರಿ ಗಡುವಿಗಾಗಿ ತರಾತುರಿಯಲ್ಲಿ ತುಂಬಿದ ಜನತಾ ಜೀವವೈವಿಧ್ಯ ದಾಖಲಾತಿ ಎಲ್ಲೇ ಇದ್ದರೂ ಅದನ್ನು ಗ್ರಾಮಸಭೆಯಲ್ಲಿ ಓದಿ ತಿದ್ದಿಸಬೇಕು. ಅದೇ ಕಾಯ್ದೆಯ 41ನೇ ಕಲಂನಂತೆ ಇರಬೇಕಾದ ಪಂಚಾಯಿತಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಲ್ಲಿ ಕುರಿಗಾಹಿಗಳಿಗೂ ಮೀನು ಹಿಡಿಯುವವರಿಗೂ ಸ್ಥಾನ ಸಿಗಬೇಕು.

ಈ ಕುರಿತು ಕುಕ್ಕುವಾಡದಲ್ಲೇ ಸಭೆ ಕರೆಯಬೇಕೆಂದು ಕೋರುತ್ತೇವೆ. ನಾಟಿ ಮತ್ತು ಕಟಾವಿನ ದಿನಗಳನ್ನು ಬಿಟ್ಟು ದಿನ ಗೊತ್ತುಮಾಡಿ, ಒಂದು ವಾರ ಮೊದಲೇ ಹಳ್ಳಿಗಳಲ್ಲಿ ಡಂಗುರ ಸಾರಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಕುಕ್ಕುವಾಡ ಮತ್ತು ಸುತ್ತಲಿನ ಗ್ರಾಮಸ್ಥರು
(ಸಹಿಗಳ ಪಟ್ಟಿ ಲಗತ್ತಿಸಿದೆ)