ಅಡೆನೊವೈರಸ್ ಲಸಿಕೆ ಇಲ್ಲದ ಹನ್ನೆರಡು ವರ್ಷ: ಹಕ್ಕೊತ್ತಾಯ ಪತ್ರ

ಗೆ: ಅಮೆರಿಕದ ರಕ್ಷಣಾ ಇಲಾಖೆ
ಇಂದ: ಸೇನಾ ತರಬೇತಿಗೆ ಮಕ್ಕಳನ್ನು ಕಳಿಸಿದ ತಂದೆತಾಯಂದಿರು



ತರಬೇತಿ ಶಿಬಿರದ ಜ್ವರ ನಿಮಗೆ ಹೊಸದಲ್ಲ. ಅದನ್ನು ತರುವ ಅಡೆನೊವೈರಸ್‌ನ 4 ಮತ್ತು 7ನೇ ಬಗೆಗಳ ವಿರುದ್ಧ 1971ರಿಂದ ರಿಕ್ರೂಟ್‌ಗಳಿಗೆ ಲಸಿಕೆ ಕೊಡುತ್ತಿದ್ದವರು ನೀವೇ. ಅಗಿಯದೆ ನುಂಗುವ ಎರಡು ಮಾತ್ರೆ, ಅಷ್ಟೇ. ಒಳಗಿನ ಜೀವಂತ ವೈರಸ್ ಗಂಟಲನ್ನು ಮುಟ್ಟದೆ ಕರುಳಿಗಿಳಿದು ಅಲ್ಲಿಂದಲೇ ರಕ್ಷಣೆ ಹುಟ್ಟಿಸುತ್ತಿತ್ತು. ಕಾರ್ಖಾನೆ ನವೀಕರಣದ ಖರ್ಚು ಯಾರದೆಂಬ ಮಾತುಕತೆ ಮುರಿದುಬಿದ್ದು, ಅದನ್ನು ತಯಾರಿಸುತ್ತಿದ್ದ ಏಕೈಕ ಕಂಪನಿ 1996ರಲ್ಲಿ ಉತ್ಪಾದನೆ ನಿಲ್ಲಿಸಿತು. 1999ಕ್ಕೆ ದಾಸ್ತಾನೂ ಬರಿದಾಯಿತು.

ಅಷ್ಟರಲ್ಲಾಗಲೇ ರಕ್ತಪರೀಕ್ಷೆಯ ಸಾಕ್ಷ್ಯ ನಿಮ್ಮ ಮುಂದಿತ್ತು. ಲಸಿಕೆ ಪಡೆಯದ ಭೂಸೇನಾ ರಿಕ್ರೂಟ್‌ಗಳ ಬಗ್ಗೆ 1998ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, 4ನೇ ಬಗೆಯ ಪ್ರತಿಕಾಯ ಮೂವರಲ್ಲಿ ಇಬ್ಬರಿಗೆ ಇರಲಿಲ್ಲ. 7ನೇ ಬಗೆಯದು ಇಲ್ಲದವರು ಇನ್ನೂ ಹೆಚ್ಚು. ಎರಡರಲ್ಲಿ ಒಂದಕ್ಕಾದರೂ ತುತ್ತಾಗಬಲ್ಲವರು ಶೇ. 90ರ ಆಸುಪಾಸು. ಅಂಥವರನ್ನೇ ಸಾಲುಮಂಚಗಳ ಬ್ಯಾರಕ್‌ನಲ್ಲಿ ಒಟ್ಟಿಗೆ ಮಲಗಿಸಿದಿರಿ. 2000ರಲ್ಲಿ ಇಲಿನಾಯ್‌ನಲ್ಲಿ ಆರೋಗ್ಯವಂತರಾಗಿದ್ದ ಇಬ್ಬರು ರಿಕ್ರೂಟ್‌ಗಳು ಸತ್ತರು. ಮಾತ್ರೆ ಮರಳಿದ್ದು 2011ರಲ್ಲಿ. ಮರಳಿದ ಕೂಡಲೇ ಶಿಬಿರದ ಜ್ವರ ಕುಸಿಯಿತು. ತಡೆಯಬಹುದಾಗಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

1. ಉತ್ಪಾದನೆ ನಿಂತಾಗಿನಿಂದ ಲಸಿಕೆ ಮರಳುವವರೆಗೆ ಯಾವ ಹಂತದಲ್ಲಿ ಯಾರು ಏನು ತೀರ್ಮಾನಿಸಿದರು ಎಂಬ ಕಡತಗಳನ್ನು ಪೂರ್ತಿಯಾಗಿ ಬಹಿರಂಗಪಡಿಸಬೇಕು.

2. ಲಸಿಕೆಯಿಲ್ಲದ ಅವಧಿಯಲ್ಲಿ ಈ ಸೋಂಕಿನಿಂದ ಸತ್ತ ಪ್ರತಿಯೊಬ್ಬ ರಿಕ್ರೂಟ್‌ನ ಕುಟುಂಬಕ್ಕೆ, ಅವರು ಅರ್ಜಿ ಹಿಡಿದು ಅಲೆಯುವಂತೆ ಮಾಡದೆ, ಇಲಾಖೆಯೇ ಲಿಖಿತವಾಗಿ ಹೊಣೆ ಒಪ್ಪಿಕೊಂಡು ಪರಿಹಾರ ಕೊಡಬೇಕು.

3. ಒಂದೇ ಕಂಪನಿಯನ್ನು ನೆಚ್ಚಿ ಕೂರುವ ಪದ್ಧತಿ ಕೊನೆಯಾಗಬೇಕು.

4. ಪ್ರತಿ ವರ್ಷ ಹೊಸ ತಂಡಗಳ ರಕ್ತದ ಮಾದರಿಗಳಲ್ಲಿ ಪ್ರತಿಕಾಯಗಳ ಪ್ರಮಾಣ ಅಳೆದು, ವ್ಯಕ್ತಿಗಳ ಗುರುತು ಮರೆಮಾಡಿ, ಶಿಬಿರವಾರು ಅಂಕಿಅಂಶ ಪ್ರಕಟಿಸಬೇಕು.

5. ಈ ವಾರ್ಷಿಕ ಸಮೀಕ್ಷೆ 4 ಮತ್ತು 7ನೇ ಬಗೆಗಳಿಗೆ ಸೀಮಿತವಾಗದೆ, 2007ರಲ್ಲಿ ಟೆಕ್ಸಸ್‌ನ ಲ್ಯಾಕ್‌ಲ್ಯಾಂಡ್ ವಾಯುನೆಲೆಯಲ್ಲಿ ಹರಡಿ ಜೀವ ತೆಗೆದ 14ನೇ ಬಗೆಯನ್ನೂ ಒಳಗೊಳ್ಳಬೇಕು.

6. ಜ್ವರವೆಂದು ವೈದ್ಯರ ಬಳಿ ಹೋದ ರಿಕ್ರೂಟ್‌ಗೆ ಹೀಯಾಳಿಕೆಯಾಗಲಿ ಶಿಕ್ಷೆಯಾಗಲಿ ಆಗದಂತೆ ಲಿಖಿತ ಆದೇಶ ಹೊರಡಿಸಿ, ಅದನ್ನು ಪ್ರತಿ ಬ್ಯಾರಕ್‌ನ ಬಾಗಿಲಲ್ಲಿ ಅಂಟಿಸಬೇಕು.

7. ಲಸಿಕೆಯ ದಾಸ್ತಾನು ಆರು ತಿಂಗಳ ಅಗತ್ಯಕ್ಕಿಂತ ಕೆಳಗಿಳಿದ ದಿನವೇ ಸಂಸತ್ತಿಗೂ ಕುಟುಂಬಗಳಿಗೂ ತಿಳಿಸಬೇಕು.

8. ಈ ಪತ್ರ ತಲುಪಿದ 60 ದಿನಗಳೊಳಗೆ ಪ್ರತಿ ಬೇಡಿಕೆಗೂ ಪ್ರತ್ಯೇಕವಾಗಿ, ಹೊಣೆಗಾರ ಅಧಿಕಾರಿಯ ಸಹಿಯೊಂದಿಗೆ ಉತ್ತರ ಕೊಡಬೇಕು.